ಕೋಟು

ಕರಿ ಕೋಟು. ನನಗೆ ಮೊಣಕಾಲು ದಾಟುತ್ತದೆ,
ಒಗೇಚಿಗೆ ಸೊಂಟದಿಂದ ತುಸು ಕೆಳಗೆ ಬರುತ್ತಿತ್ತಂತೆ.
ಒಳಜೇಬಿನ ಅಸ್ತರಿನ ಮೇಲೆ ಬಾಲ್‌ಪೆನ್ನಿನಲ್ಲಿ
ನಾಲ್ಕು ಹೆಸರು, ಒಂದರ ಕೆಳಗೊಂದು:
ಒಗೇಚಿ, ತುಯೆತ್, ಬೀದರಿನ ಮೆಹನಾಜ್,
ಆಮೇಲೆ ನಾನು. ಅಕ್ಷರ ಸೊಟ್ಟ,
ಬಟ್ಟೆಯ ಮೇಲೆ ಬರೆದು ರೂಢಿಯಿರಲಿಲ್ಲ.

ಡಂಡೀ ಊರಿನ ಈ ಬಾಡಿಗೆಮನೆಯ ಕಟ್ಟಳೆ ಇಷ್ಟೇ:
ಹೋಗುವವಳು ಕೋಟು ಬಿಟ್ಟು ಹೋಗಬೇಕು,
ಬರುವವಳು ತೊಟ್ಟುಕೊಳ್ಳಬೇಕು.
ನಡುವೆ ನಿಂತವಳ ಬಗ್ಗೆ ಕಟ್ಟಳೆ ಏನೂ ಹೇಳುವುದಿಲ್ಲ.

ಒಗೇಚಿ ಲೀಡ್ಸಿನ ಆಸ್ಪತ್ರೆಯಲ್ಲಿದ್ದಾಳೆ, ಹೊಸ ಕೋಟು ಕೊಂಡಳು.
ತುಯೆತ್ ತನ್ನ ಊರಿಗೆ ಮರಳಿದಳು, ಅಲ್ಲಿ ಕೋಟು ಬೇಡ.
ಮೆಹನಾಜ್ ಏನಾದಳೋ.
ಅವಳ ನಂಬರಿಗೆ ಹಚ್ಚಿದರೆ ಯಾರೋ ಗಂಡಸು ಎತ್ತಿ
ರಾಂಗ್ ನಂಬರ್ ಅನ್ನುತ್ತಾನೆ.
ಅವಳು ಬಿಟ್ಟ ಏಲಕ್ಕಿ ಸಿಪ್ಪೆ ಮಾತ್ರ
ಜೇಬಿನ ಮೂಲೆಯಲ್ಲಿ ಇನ್ನೂ ಇದೆ. ವಾಸನೆ ಹೋಗಿದೆ.

ಈಗ ಜುಲೈ. ರಾತ್ರಿ ಹತ್ತಾದರೂ ಟೇ ನದಿಯ ಮೇಲೆ
ಮಲಗಲೊಲ್ಲದ ಮಗುವಿನಂಥ ಬೆಳಕು.
ಸವಣೂರಿನ ದಾಕ್ಷಾಯಣಿಯ ಮೆಸೇಜು:
"ಅಕ್ಕಾ, ಸೆಪ್ಟೆಂಬರಿಗೆ ಬರಾಕತ್ತೀನಿ.
ನಿಮ್ಮನ್ಯಾಗ ಒಂದು ಕೋಟ್ ಐತಂತಲ್ಲ, ನನಗ ಸಿಗತೈತೇನು?
ಇಲ್ಲಾಂದ್ರ ಹುಬ್ಬಳ್ಳ್ಯಾಗ ತಗೋತೀನಿ."
ಸುಲಭದ ಪ್ರಶ್ನೆ. ಹೌದು, ಇಲ್ಲವೆ ಇಲ್ಲ.
ಮೂರು ದಿನವಾಯಿತು.

ಅರವತ್ತೆರಡು ಅರ್ಜಿ ಹಾಕಿದ್ದೇನೆ.
ಮೂವತ್ತು ಕಡೆಯಿಂದ ವಿಷಾದ ಬಂತು,
ಉಳಿದವರಿಗೆ ಅದೂ ಇಲ್ಲ.
ಒಬ್ಬರು ಮಾತ್ರ ಕರೆಸಿ, ಲ್ಯಾಬು ತೋರಿಸಿ, ಬಿಸ್ಕೆಟ್ಟು ಕೊಟ್ಟು
ಕೊನೆಗೆ ಕೇಳಿದರು: ಐದು ವರ್ಷದ ಮೇಲೆ ಎಲ್ಲಿರುತ್ತೀರಿ?
ನನ್ನ ವೀಸಾದಲ್ಲಿ ಉಳಿದದ್ದು ಎಂಬತ್ತೊಂದು ದಿನ.
ನಗು ಬಂತು.
ನಗಬಾರದಿತ್ತು.

ಗದುಗಿನಿಂದ ಸುಗಲಾ ಅತ್ತೆ ಭಾನುವಾರ ಫೋನು ಮಾಡುತ್ತಾಳೆ,
ಹಿಂದೆ ಖಾನಾವಳಿಯ ರೊಟ್ಟಿ ಬಡಿಯುವ ಸದ್ದು.
ನನ್ನ ಫೀಸಿಗೆಂದು ಅವಳ ನಾಲ್ಕೂ ಪಾಟ್ಲಿ ಬ್ಯಾಂಕಿನಲ್ಲಿವೆ,
ಆ ಮಾತು ಎಂದೂ ಎತ್ತಿದವಳಲ್ಲ.
"ಉಂಡೇನ?" ಅನ್ನುತ್ತಾಳೆ. "ಅಲ್ಲೆ ಥಂಡಿ ಭಾಳೇನ?"
ಆಮೇಲೆ ಸುಮ್ಮನಾಗುತ್ತಾಳೆ. ರೊಟ್ಟಿಯ ಸದ್ದೂ ನಿಲ್ಲುತ್ತದೆ.
ಆ ಸುಮ್ಮನಿರುವಿಕೆಗೆ ಏನು ಹೇಳಲಿ?
"ಅತ್ತಿ, ಸಿಗ್ನಲ್ ಇಲ್ಲ" ಅನ್ನುತ್ತೇನೆ.

ವಾರಕ್ಕೆ ಮೂರು ಸಂಜೆ ವೃದ್ಧಾಶ್ರಮದಲ್ಲಿ ಕೆಲಸ.
ಅಲ್ಲಿ ಐಸೊಬೆಲ್, ತೊಂಬತ್ತೆರಡು,
ಹದಿನೈದಕ್ಕೇ ಸೆಣಬಿನ ಗಿರಣಿ ಸೇರಿದವಳು.
ಮಗ್ಗದ ಗದ್ದಲ ಅವಳ ಕಿವಿ ತಿಂದಿತು,
ಈಗ ತುಟಿ ನೋಡಿ ಮಾತು ಓದುತ್ತಾಳೆ.
ನನ್ನ ಇಂಗ್ಲಿಷು ಅವಳಿಗೂ ಸೊಟ್ಟ ಅಕ್ಷರ.
ನಮ್ಮ ಜೋಳದ ಗೋಣಿಚೀಲ ನೀನೇ ನೇಯ್ದದ್ದಿರಬಹುದೇ
ಎಂದು ಒಮ್ಮೆ ಕೈಯಾಡಿಸಿ, ಚೀಲ ಹೊತ್ತು ತೋರಿಸಿ ಕೇಳಿದೆ.
"ಇಲ್ಲ ಕಣೆ," ಅಂದಳು, "ಸೆಣಬು ನಿಮ್ಮ ಕಡೆಯಿಂದ ಬರುತ್ತಿತ್ತು,
ಆಮೇಲೆ ಕೆಲಸ ನಿಮ್ಮ ಕಡೆ ಹೋಯಿತು.
ನಾವು ಇಲ್ಲೇ ಉಳಿದೆವು."
ನಿನ್ನೆ ದೀಪ ಆರಿಸುವ ಮೊದಲು ಕೇಳಿದಳು:
"ನಾಳೆ ಬರುತ್ತೀಯಾ?"
ನಾಳೆ ಬುಧವಾರ. ಬುಧವಾರ ನನ್ನ ಪಾಳಿ.
ಬೆಳಕಿಗೆ ಮುಖ ಮಾಡಿ, ತುಟಿ ಬಿಡಿಸಿ ಬಿಡಿಸಿ ಹೇಳಿದೆ:
ಬ ರು ತ್ತೇ ನೆ.
ಈ ವರ್ಷ ನಾನು ಇಷ್ಟು ಗಟ್ಟಿಯಾಗಿ ಏನನ್ನೂ ಹೇಳಿಲ್ಲ.

ಈಗ ಕೋಟಿನ ಎರಡನೇ ಗುಂಡಿ ಹೊಲಿಯುತ್ತಿದ್ದೇನೆ.
ಕರಿ ದಾರ ಸಿಗಲಿಲ್ಲ, ಕೆಂಪಿತ್ತು.
ಎದ್ದು ಕಾಣುತ್ತದೆ. ಕಾಣಲಿ.
ದಾಕ್ಷಾಯಣಿಗೆ "ನಿನ್ನ ಅಳತಿ ಕಳಸು" ಎಂದು ಬರೆದೆ, ಅಳಿಸಿದೆ.
"ಹುಬ್ಬಳ್ಳ್ಯಾಗ ತಗೋಬ್ಯಾಡ,
ಅಲ್ಲೀವು ಈ ಗಾಳಿಗೆ ತಡಿಯೂದಿಲ್ಲ."
ಇಷ್ಟು ಮಾತ್ರ ಕಳಿಸಿದೆ.

ಅಲ್ಲೀಗ ನಡುರಾತ್ರಿ ದಾಟಿದೆ. ಆದರೂ ಹುಡುಗಿ ಎಚ್ಚರಿದ್ದಾಳೆ.
ತಟ್ಟನೆ ಬಂತು:
"ಹಂಗಾದ್ರ ನೀವು, ಅಕ್ಕಾ?"

ದಾರ ಹಲ್ಲಿನಲ್ಲಿ ಕಡಿದೆ.