ತೆನೆ ಲೆಕ್ಕ

ಮೂವತ್ತೊಂದು ವರ್ಷ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ
ನನ್ನದು ಒಂದೇ ಕೆಲಸ: ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದು.
ಟಣ್ ಎಂದರೆ ಲಾರಿಗೆ,
ದಬ್ ಎಂದರೆ ಗೋಡೆಯಾಚೆಯ ರಾಶಿಗೆ.
ಕಿವಿ ತಪ್ಪಿದ್ದಿಲ್ಲ. ಧಣಿಗಳೇ ಹೇಳುತ್ತಿದ್ದರು,
ಲಾದ್ರು ತಟ್ಟಿದ ಹಂಚು
ಲಾದ್ರುವಿಗಿಂತ ಹೆಚ್ಚು ಬಾಳುತ್ತದೆ ಎಂದು.

ಕಾರ್ಖಾನೆ ಮುಚ್ಚಿದ ಮೇಲೆ ವಾರ್ಡಿನ ಗುರಿಕಾರನಾದೆ.
ಮನುಷ್ಯರನ್ನು ತಟ್ಟುವುದಕ್ಕೆ ಗೆಣ್ಣು ಬೇಡ,
ಪಟ್ಟಿ ಸಾಕು, ನೀಲಿ ಪೆನ್ನೊಂದು ಸಾಕು.

ಮೊಂತಿ ಹಬ್ಬದ ಬೆಳಿಗ್ಗೆ.
ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ತಂದು ಸುರಿದ ಹೂವು
ಮಾತೆಯ ಕಾಲಬುಡದಲ್ಲಿ ಬಾಡಿ ಕೂತಿರುತ್ತದೆ.
ವಿಗಾರರು ಆಶೀರ್ವದಿಸಿದ ತೆನೆಕಟ್ಟು ನನ್ನ ತೊಡೆಯ ಮೇಲೆ.
ಎಷ್ಟು ಮಂದಿ ಎಂದು ಕೇಳುವುದು,
ಅಷ್ಟು ತೆನೆ ಎಣಿಸಿ ಕೊಡುವುದು.
ಮಸ್ಕತ್ತಿನಲ್ಲಿರುವ ಅಣ್ಣನನ್ನೂ ಎಣಿಸುತ್ತಾರೆ,
ಲಕೋಟೆಯೊಳಗೆ ಎರಡು ಕಾಳು ಕಡಲು ದಾಟುತ್ತವೆ.
ಕಡಲು ದಾಟುವ ಕಾಳು ನಮ್ಮಲ್ಲಿ
ಬೇಲಿ ದಾಟಿದ್ದು ಕಡಿಮೆ.

ಹೋದ ವರ್ಷ ಸೆವ್ರಿನ್ ಬಾಯಿ "ಐದು" ಅಂದಳು.
"ನಾಲ್ಕಲ್ಲವಾ?" ಅಂದೆ, ಸರತಿಗೆಲ್ಲ ಕೇಳುವ ಹಾಗೆ.
ಮಗಳು ಜುಡಿತಳ ಕೂಸಿಗೆ ಆಗ ಇಪ್ಪತ್ತು ದಿನ.
ಅಪ್ಪನ ಹೆಸರಿನ ಜಾಗದಲ್ಲಿ ಏನು ಬರೆಯುವುದು
ಎಂಬುದನ್ನು ವಾರ್ಡು ಜಪಸರಕ್ಕಿಂತ ಹೆಚ್ಚು ಸಲ
ಬೆರಳಲ್ಲಿ ತಿರುವಿ ಆಗಿತ್ತು.
ನಾಲ್ಕು ತೆನೆಯನ್ನು ಸೆರಗಿನಲ್ಲಿ ಸುತ್ತಿಕೊಂಡು
ಅವಳು ಹೋದಳು, ಏನೂ ಹೇಳದೆ.
ನನಗೇನೂ ಅನಿಸಲಿಲ್ಲ. ಲೆಕ್ಕ ಸರಿಯಿತ್ತು.

ಜೂನಿನಲ್ಲಿ ವಂತಿಗೆಗೆಂದು ಹೋದಾಗ ಗಾಳಿಮಳೆ ಹೊಡೆದು
ಹೊರಡಲಾಗದೆ ಅವಳ ಅಡುಗೆಕೋಣೆಯಲ್ಲಿ ಕೂತೆ.
ಮೇಲೆ ನೋಡಿದೆ.
ಮಾಡು ಪೂರ್ತಿ ನಾನು ಎಸೆದ ಹಂಚು.
ನನಗೆ ಗುರುತು ಸಿಗದೆ ಇರುತ್ತದೆಯೆ?
ಮೂಲೆ ಮುಕ್ಕಾದವು, ಮೈ ಸೀಳಿದವು,
ಅವಳ ಗಂಡ ಮೊರಿಸ ಗೋಡೆಯಾಚೆಯ ರಾಶಿಯಿಂದ
ಗಾಡಿಗೆ ಐದು ರೂಪಾಯಿ ಕೊಟ್ಟು ತಂದವು.
ಒಂದರ ಬಿರುಕಿನಡಿಗೆ ಇನ್ನೊಂದರ ಗಟ್ಟಿ ಬದಿ ಬರುವ ಹಾಗೆ
ಹತ್ತಿರ ಹತ್ತಿರ ಒತ್ತಿ ಹೊದೆಸಿದ್ದ.
ಒಂದೇ ಕಡೆ ಸೋರುತ್ತಿತ್ತು. ಅಲ್ಲಿಗೊಂದು ಚರಿಗೆ ಇಟ್ಟು
"ಗುರಿಕಾರರೇ, ಈಚೆ ಬನ್ನಿ, ಒದ್ದೆಯಾಗ್ತೀರಿ" ಎಂದು
ಒಣಗಿದ್ದ ಜಾಗ ನನಗೆ ಬಿಟ್ಟು
ತಾನು ಹನಿಯ ಬದಿಗೆ ಸರಿದಳು.
ಕೂಸು ಚರಿಗೆಗೆ ಕಿವಿಕೊಟ್ಟು ನಗುತ್ತಿತ್ತು.
ಟಣ್.
ಟಣ್.

ನಮ್ಮ ಮನೆಯಲ್ಲಿ ಕಾಳು ಸುಲಿಯುವುದು ಮಾಂಯ್.
ಕಣ್ಣು ಮಂಜಾಗಿದೆ, ಉಗುರು ಮಾತ್ರ ಚುರುಕು.
ತಲೆಗೊಂದು ಕಾಳು ಹಾಲಿಗೆ, ಆಮೇಲೆ
ಒಂದು ಹೆಚ್ಚು.
ಯಾವತ್ತಿನಿಂದಲೂ ಕಂಡಿದ್ದೇನೆ,
ವಯಸ್ಸಾಯಿತು, ಲೆಕ್ಕ ತಪ್ಪುತ್ತದೆ ಅಂದುಕೊಂಡಿದ್ದೆ.
ನೇತ್ರಾವತಿಯಿಂದ ಎತ್ತಿ ತಂದ ನನ್ನ ತಮ್ಮ ಕೈತಾನನಿಗೆ
ಇಗರ್ಜಿಯ ಗಂಟೆ ಬಾರಿಸಲಿಲ್ಲ.
ಗುಂಡಿ ತೋಡಿದ್ದು ಸಾಲಿನಲ್ಲಲ್ಲ, ಹುಣಸೆಮರದಾಚೆ.
ಅವತ್ತಿನ ಗುರಿಕಾರ ಬೇರೆ.
ಪಟ್ಟಿ ಇದೇ.

ಈ ಸಲ ಸೆವ್ರಿನ್ ಬಾಯಿ ಬಂದಾಗ ಕೂಸು ಸೊಂಟದಲ್ಲಿತ್ತು.
ಎಷ್ಟು ಮಂದಿ ಎಂದು ಕೇಳಲು ನಾಲಗೆ ಏಳಲಿಲ್ಲ,
ಕಟ್ಟನ್ನೇ ಮುಂದೆ ಚಾಚಿದೆ.
ನನ್ನ ಮುಖ ನೋಡುತ್ತ ಅವಳು
ಒಂದೊಂದಾಗಿ ತೆಗೆದಳು, ಐದೇ.
ಸರತಿಯಲ್ಲಿ ಯಾರೋ ಕೆಮ್ಮಿದರು.
ಕೂಸು ಒಂದು ತೆನೆ ಎಳೆದು ಬಾಯಿಗಿಟ್ಟುಕೊಂಡಿತು,
ಎರಡು ಕಾಳು ನನ್ನ ಪಟ್ಟಿಯ ಮೇಲೆ ಬಿದ್ದವು.
ಕೊಡವಲಿಲ್ಲ. ಪುಸ್ತಕ ಹಾಗೇ ಮಡಚಿದೆ.

ಮನೆಯಲ್ಲಿ ನಾವು ಮೂವರು. ಒಯ್ದದ್ದು ನಾಲ್ಕು.
ಮಾಂಯ್ ಮಡಿಲಲ್ಲಿಟ್ಟು ತಡವಿ ಎಣಿಸಿದಳು,
ನಾಲ್ಕನೆಯದರ ಮೇಲೆ ಬೆರಳು ಬಹಳ ಹೊತ್ತು ಉಳಿಯಿತು.
"ತೆಂಗಿನ ಹಾಲು ಹಿಂಡಿ ಆಯಿತಾ?" ಎಂದಳು,
ಅಷ್ಟೆ.