ಎಡ ಹಿಂಗಾಲು

ವಿಮೆಯ ಕಾಗದ ಬಂದಿದೆ. ಒಪ್ಪಿಕೊಂಡಿದ್ದಾರೆ
ನಾಯಿಯನ್ನು, ಒಂದು ಕಾಲು ಬಿಟ್ಟು.

ಮಾರ್ಚಿನಲ್ಲಿ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ
ಎರಡು ದಿನ ಕುಂಟಿದ್ದ. ನಾನೇ ಕರೆದೊಯ್ದೆ,
ನಾನೇ ಬಾಯಿಬಿಟ್ಟು ಹೇಳಿದೆ: ಎಡಗಾಲು, ಹಿಂದಿನದು.
ಡಾಕ್ಟರು ಬರೆದುಕೊಂಡರು.
ಕುಂಟು ಹೋಯಿತು. ಬರೆದದ್ದು ಉಳಿಯಿತು.

"ಮೊದಲು ವಿಮೆ, ಆಮೇಲೆ ಬಾಯಿ"
ಅಂದ ತಮ್ಮ ಸಿಕ್ಸ್ಟೆನ್, ಫೋನಿನಲ್ಲಿ ನಗುತ್ತ.
ದೋಣಿಗೆ, ಹಲ್ಲಿಗೆ, ಹೆಂಡತಿಯ ಪಿಯಾನೋಗೆ
ವಿಮೆ ಮಾಡಿಸಿದವನು ಅವನು.

ಹೀಗಾಗಿ ಬಿಷಪ್
(ಕೊರಳ ಬಿಳಿ ಪಟ್ಟಿ ನೋಡಿ ಇಟ್ಟ ಹೆಸರು, ನಡತೆ ನೋಡಿ ಅಲ್ಲ)
ತಿಂಗಳಿಗೆ ನಾನೂರ ಹನ್ನೆರಡು ಕ್ರೋನಾಕ್ಕೆ
ಮೂರು ಕಾಲು, ಎರಡು ಕಿವಿ,
ಕದ್ದು ನುಂಗಿದ ಕಾಲುಚೀಲ ಸಹಿತ ಒಂದು ಹೊಟ್ಟೆ
ಅವರ ಪಾಲು.
ಉಳಿದ ಕಾಲು ನನ್ನದು.

ಅವರ ಪಾಲೂ ಪೂರ್ತಿ ಅವರದಲ್ಲ.
ಮೊದಲ ಮೂರೂವರೆ ಸಾವಿರ ನಾನೇ ಕೊಡಬೇಕು,
ಮಿಕ್ಕಿದ್ದರಲ್ಲಿ ಐದಕ್ಕೊಂದು.
ಎಂಟು ತುಂಬಿದ ಮೇಲೆ ವರ್ಷ ವರ್ಷ
ಕಂತು ಏರುತ್ತದೆ, ಮೊತ್ತ ಇಳಿಯುತ್ತದೆ.
ಬಿಷಪ್‌ಗೆ ಏಳೂವರೆ.

ಹೆರ್ನೋಸಾಂದಿನ ಶಾಲೆಯ ಅಡುಗೆಮನೆಯಲ್ಲಿ
ಮುನ್ನೂರ ನಲವತ್ತು ಮಕ್ಕಳ ಆಲೂಗಡ್ಡೆಯನ್ನು
ಕಣ್ಣಳತೆಯಲ್ಲೇ ತೂಗುವವಳು ನಾನು,
ಒಂದು ಮೊಣಕಾಲಿಗೆ ಎಷ್ಟೆಂದು ತಿಳಿಯದೆ
ಮೂರು ಲೋಟ ಕಾಫಿ ಆರಿಸಿದೆ.

ಕೊನೆಗೆ ಬ್ಯಾಂಕಿನ ಆ್ಯಪ್ ತೆರೆದೆ.
ಉಳಿತಾಯ ಯಾವುದಕ್ಕೆ? ಕೇಳಿತು:
ಪ್ರವಾಸ, ಮದುವೆ, ಮನೆ, ಇತರೆ.
ಇತರೆ ಒತ್ತಿ ಬರೆದೆ: ಎಡ ಹಿಂಗಾಲು.
ಶುಭವಾಗಲಿ ಇಂಗೆಯರ್ಡ್, ಅಂದಿತು,
ಬಲೂನು ಹಾರಿಸಿತು.

ಶುಕ್ರವಾರದ ಸೀಗಡಿ ನಿಂತಿತು.
ಕೂದಲಿಗೆ ಬಣ್ಣ ನಿಂತಿತು; ನರೆತದ್ದು ಒಪ್ಪುತ್ತದೆ ಅಂದಳು
ತಟ್ಟೆ ತೊಳೆಯುವ ಹುಡುಗಿ, ನೋಡದೆಯೇ.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಂತೆ.
ಹಾಸಿಗೆ ನನ್ನದು.
ಚಾಚುವವನು ಅವನು, ಅಡ್ಡಡ್ಡ,
ಗೋಡೆಯವರೆಗೆ ನನ್ನನ್ನು ಒತ್ತಿ.

"ಆ ಕಾಲಿಗೆ ಏನೂ ಆಗದಿದ್ದರೆ?"
ಕೇಳುತ್ತಾನೆ ಸಿಕ್ಸ್ಟೆನ್. "ಆ ದುಡ್ಡು?"
ಏನೂ ಆಗದಿರುವುದಕ್ಕೂ
ಒಂದು ಖಾತೆ ಬೇಡವೇ, ಅನ್ನಲು ಹೋಗಿ
ಸುಮ್ಮನಾದೆ. ಬಾಯಿಯ ವಿಷಯ ಅವನು ಹೇಳಿದ್ದ.

ಈಗ ನಿದ್ದೆಯಲ್ಲಿ ಏನನ್ನೋ ಅಟ್ಟುತ್ತಿದ್ದಾನೆ.
ನಾಲ್ಕೂ ಓಡುತ್ತಿವೆ, ವಿಮೆಯವು ಮೂರು,
ನನ್ನದು ಒಂದು. ಎಣಿಸಿ ನೋಡಿದೆ:
ನನ್ನದೇ ತುಸು ಮುಂದೆ.

ಇಪ್ಪತ್ತೈದಕ್ಕೆ ಸಂಬಳ.
ನೂರೈವತ್ತು, ಕಾಲಿಗೆ.