ನಾಲ್ಕು ಬಾಯಿಯ ಬಾಕಿ

ಸೀಸನ್ ಅಂದರೆ ನನಗೆ ಮೂರು.
ಬಕ್ರೀದಿನ ಹಿಂದಿನ ವಾರ ಕಸಾಯಿಗಳ ಸರತಿ.
ಸುಲಿಗೆ ಶುರುವಾಗುವಾಗ ತೀರ್ಥಹಳ್ಳಿ ಬಸ್ಸಿಳಿದು
ಗೋಣಿಚೀಲದಲ್ಲಿ ಮೆಟ್ಟುಗತ್ತಿ ತರುವ ಹೆಂಗಸರು.
ಮಾಘದಲ್ಲಿ ಮದುವೆ ಅಡುಗೆಯವರ ಈಳಿಗೆ.
ಉಳಿದ ದಿನ ಗಾಂಧಿ ಬಜಾರಿನ ಈ ಸಂದಿಯಲ್ಲಿ
ಟೈಲರುಗಳ ಕತ್ತರಿ, ನೊಣ,
ಅಬ್ಬಾ ಬಿಟ್ಟುಹೋದ ಚಕ್ರ.

ನಾಲ್ಕನೆಯದೂ ಇದೆ ಎಂದವಳು ವಾರಿಜ,
ಮೀನಿನ ಗುಲಾಬಿಯ ಮಗಳು.
ಕಟ್ಟೆಯ ಮೇಲೆ ಒಂದು ಜೊತೆ ಬೂಟು ಇಟ್ಟಳು.
ಗಾಲಿ ಇರಬೇಕಾದಲ್ಲಿ ಅಲಗು.

ಗಾಲಿಯ ವಾರಿಜ ನನಗೆ ಗೊತ್ತು.
ಗೋಪಾಳದ ಸಿಮೆಂಟು ರಿಂಕಿನಲ್ಲಿ ಹುಡುಗರ ಕೋಲುಗಳ ನಡುವೆ ನುಗ್ಗಿ
ಮಂಡಿ ಒಡೆದುಕೊಂಡು
ಅಮ್ಮನ ಪೆಟ್ಟಿಗೆಯ ಬರ್ಫವನ್ನೇ ಗಾಯಕ್ಕೆ ಒತ್ತಿಕೊಂಡು
ಬಂಗುಡೆ ವಾಸನೆಯಲ್ಲಿ ಶಾಲೆಗೆ ಹೋಗುತ್ತಿದ್ದವಳು.
ಆಮೇಲೆ ಎರಡು ಚಳಿಗಾಲ ಲಡಾಖು.
ಈಗ ಇದು.

'ಶಮೀಮಕ್ಕ, ಇನ್ನು ಇಪ್ಪತ್ತೆರಡು ದಿನಕ್ಕೆ ಲೀಗು.
ಐಸಿನ ಮೇಲೆ ಹಾಕಿ. ಹೆಂಗಸರದ್ದೇ.
ಐದು ತಂಡ, ಇಪ್ಪತ್ತೆಂಟು ಪಂದ್ಯ.
ನಾನು ಏಳನೇ ಡಿಫೆಂಡರು.'
ಏಳನೆಯವಳು ಅಂದರೆ?
'ಆರು ಜನ ಆಡ್ತಾರೆ. ಅವರಲ್ಲಿ ಯಾರಿಗಾದರೂ ಏಟು ಬಿದ್ದರೆ ನಾನು.'
ಸಂಬಳ?
'ಕೊಡ್ತಾರೆ.'
ಸುಮ್ಮನೆ ಕೂತರೂ?
ಅವಳು ಬೂಟಿನ ಲೇಸು ನೋಡಿದಳು.

ಮೊದಲ ಅಲಗನ್ನು ಕೆಡಿಸಿದೆ.
ಕಿಡಿ ನೋಡಿಯೇ ಉಕ್ಕಿನ ಜಾತಿ ಹೇಳುವ ಕೈ
ಚೂರಿಯೆಂದು ತಿಳಿದು ಓರೆಯಾಗಿ ಒತ್ತಿ
ಒಂದು ಮಗ್ಗುಲು ಪೂರಾ ತಿಂದುಬಿಟ್ಟಿತು.
ಬಯ್ಯಲಿಲ್ಲ.
'ಇದಕ್ಕೆ ಒಂದು ಬಾಯಲ್ಲಕ್ಕ, ಎರಡು.
ನಡುವೆ ಹಳ್ಳ. ಉಗುರು ಆಡಿಸಿ ನೋಡು.'
ಇತ್ತು. ರಾಗಿಕಾಳೂ ನಿಲ್ಲದಷ್ಟು ಸಣ್ಣ ಕಾಲುವೆ.
ಒಳಕ್ಕೆ ವಾಲಿದರೆ ಒಂದು ಬಾಯಿ ಕಚ್ಚುತ್ತದಂತೆ,
ಹೊರಕ್ಕೆ ವಾಲಿದರೆ ಇನ್ನೊಂದು.
ನೆಟ್ಟಗೆ ನಿಂತರೆ
ಹಳ್ಳದ ಮೇಲೆ ನಿಂತ ಹಾಗೆ.

ಎರಡು ಸಂಜೆ ಕತ್ತರಿಯವರನ್ನು ವಾಪಸು ಕಳಿಸಿದೆ.
ಕರಿಗಲ್ಲು ಹಿಡಿದು ಚಕ್ರದ ಅಂಚನ್ನೇ ದುಂಡಗೆ ತೇಯ್ದೆ,
ಅಲಗನ್ನು ಉದ್ದಕ್ಕೆ ಎಳೆದೆ, ಉಸಿರು ಬಿಡದೆ.
ಅವಳು ಐದರ ನಾಣ್ಯ ತೆಗೆದು ಬಾಯಿಂದ ಬಾಯಿಗೆ ಅಡ್ಡ ಇಟ್ಟಳು.
ವಾಲಿತು.
ಮತ್ತೆ ಎಳೆದೆ. ವಾಲಿತು.
ಏಳನೇ ಸಲ
ತಕ್ಕಡಿಯ ಮುಳ್ಳಿನಂತೆ ನಾಣ್ಯ ಸುಮ್ಮನಾಯಿತು.

ಬೆಳಿಗ್ಗೆ ಐದಕ್ಕೆ ಮೀನು ಮಾರ್ಕೆಟ್ಟು.
ಲಾರಿಯಿಂದ ಇಳಿದ ಬರ್ಫದ ಗಡ್ಡೆ, ಇನ್ನೂ ಹೊಟ್ಟು ಮೆತ್ತಿಕೊಂಡಿದ್ದು,
ನಾಲ್ಕಡಿ ಉದ್ದ. ಅಷ್ಟೇ ಅವಳ ಮೈದಾನ.
ಹತ್ತಿ ಶಟರು ಹಿಡಿದು ನಿಂತಳು.
ಅರ್ಧ ತಳ್ಳಿದಳು, ಪಾದ ಅಡ್ಡ ತಿರುಗಿಸಿದಳು,
ಚರ್ ಎಂದು ನಿಂತಳು.
ಎದ್ದ ಹಿಮದ ಪುಡಿ ಪಕ್ಕದ ಬೂತಾಯಿ ಬುಟ್ಟಿಗೆ ಬಿತ್ತು.
ಗಾಲಿಯಲ್ಲಿ ಹೀಗೆ ನಿಲ್ಲಲಿಕ್ಕೆ ಆಗೋದಿಲ್ಲ ಅಂತ
ಯಾರಿಗೂ ಅಲ್ಲದೆ ಹೇಳಿಕೊಂಡಳು.

ಗುಲಾಬಿ ಕತ್ತಿ ಎತ್ತಿಕೊಂಡೇ ಬಂದಳು:
'ಇಳೀತೀಯೋ ಇಲ್ವೋ! ಆ ಗಡ್ಡೆಗೆ ಎಷ್ಟು ಕೊಟ್ಟಿದೀನಿ ಗೊತ್ತಾ?'
ಆದರೂ ಒಡೆಯುವ ಮೊದಲು
ಅದರ ಮೇಲೆ ಬಿದ್ದ ಗೀರನ್ನು
ಹೆಬ್ಬೆರಳಿನಿಂದ ಒಂದು ಸಲ ಮುಟ್ಟಿದಳು.
ಇಪ್ಪತ್ತು ವರ್ಷ ಕರಗದಂತೆ ಕಾದ ಸಾಮಾನು
ಮಗಳನ್ನು ಹೊತ್ತುಕೊಂಡಿದ್ದು ಅವತ್ತೇ ಮೊದಲು.

ಲೆಕ್ಕಕ್ಕೆ ಜಗಳವಾಯಿತು.
ಅಲಗು ಎರಡು, ನಲವತ್ತು ಎಂದಳು.
ಬಾಯಿ ನಾಲ್ಕು, ಎಂಬತ್ತು ಎಂದೆ.
ಚಕ್ರದ ಹಿಂದಿನ ಗೋಡೆಗೆ ಸುಣ್ಣದ ಕಡ್ಡಿಯಲ್ಲಿ ಬರೆದೆ:
ವಾರಿಜ. ನಾಲ್ಕು ಬಾಯಿ. ಎಂಬತ್ತು.
ಸೀಸನ್ ಮುಗಿದ ಮೇಲೆ.

ಮೊದಲ ಪಂದ್ಯ ನಮ್ಮ ರಾತ್ರಿ ಮೂರೂವರೆಗೆ.
ನೋಡ್ತೀಯಾ ಅಕ್ಕ ಎಂದಳು.
ನೋಡಲ್ಲ. ನನಗೆ ಆಟ ತಿಳಿಯೋದಿಲ್ಲ ಮಗಳೇ,
ತವುಡು ಯಾವುದು, ಗೋಲು ಯಾವುದು, ಒಂದೂ ತಿಳಿಯೋದಿಲ್ಲ.
ಅಲಗು ತಿಳಿಯುತ್ತೆ.
ಬೆಂಚಿನ ಮೇಲೆ ಕೂತು ಬಂದದ್ದು
ಹೋದಷ್ಟೇ ಹರಿತ ಇರುತ್ತೆ, ಉಗುರಿಟ್ಟರೆ ಸಾಕು.
ದುಡ್ಡು ಇರಲಿ, ಆಮೇಲೆ ಕೊಡು.
ಅದನ್ನು ಮೊಂಡು ಮಾಡಿಕೊಂಡು ಬಾ.